ಚಮಚ ಅದೇ, ಬಾವಿಯ ನೀರು ಆರು ಪಟ್ಟು: ಉಡುಪಿಯ ಒಂದು ಮನೆಯ ಕ್ಲೋರಿನ್ ಲೆಕ್ಕ

ಉಡುಪಿ ಪೇಟೆ ದಾಟಿ ಸ್ವರ್ಣಾ ನದಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮನೆ. ಅಂಗಳದ ಪಕ್ಕ ಮುರಕಲ್ಲಿನ ತೆರೆದ ಬಾವಿ. ವಾರಕ್ಕೊಮ್ಮೆ, ಶನಿವಾರ ಸಂಜೆ, ಆ ಬಾವಿಗೆ ಎರಡು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಹಾಕುವುದು ಮನೆಯವರ ರೂಢಿ. ಏಪ್ರಿಲ್‌ನಲ್ಲಿ ನೀರನ್ನು ಪರೀಕ್ಷಿಸಿದಾಗ ಏನೂ ತೊಂದರೆ ಕಾಣಲಿಲ್ಲ. ಜುಲೈಯಲ್ಲಿ ಅದೇ ಚಮಚ, ಅದೇ ಡಬ್ಬಿ, ಅದೇ ಶನಿವಾರ. ಆದರೆ ನೀರು ಕೆಟ್ಟಿತ್ತು.

ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಈ ಪ್ರಕರಣ ತುಂಬ ಮುಖ್ಯ ಅನಿಸಿತು. ಸಾರತೆ (ಇಷ್ಟು ನೀರಿನಲ್ಲಿ ಎಷ್ಟು ವಸ್ತು ಕರಗಿದೆ ಅನ್ನುವ ಲೆಕ್ಕ) ಜಾಸ್ತಿಯಾದರೆ ಕ್ರಿಯೆಯ ವೇಗ ಜಾಸ್ತಿ ಅಂತ ಎರಡನೇ ಪಿಯುಸಿಯಲ್ಲಿ ಎಲ್ಲರೂ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಆ ಮಾತು ಮನೆಯ ಬಾವಿಗೆ ಹೇಗೆ ಅನ್ವಯಿಸುತ್ತದೆ ಅಂತ ಹೇಳಿಕೊಡುವವರು ಕಡಿಮೆ. ಕರಾವಳಿಯಲ್ಲಿ ಎಷ್ಟೋ ಮನೆಗಳು ಇವತ್ತಿಗೂ ಕುಡಿಯುವ ನೀರಿಗೆ ಬಾವಿಯನ್ನೇ ನಂಬಿಕೊಂಡಿವೆ.

ನಡೆದದ್ದು

ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಎರಡನೇ ಪಿಯುಸಿ ಓದುವ ಮೊಮ್ಮಗಳು, ಪ್ರೈಮರಿ ಶಾಲೆಗೆ ಹೋಗುವ ಇಬ್ಬರು ಚಿಕ್ಕವರು. ಮನೆಯ ಹಿಂದೆ ದನದ ಹಟ್ಟಿ, ಅದರಾಚೆ ಅಡಿಕೆ ತೋಟ. ಜಾಗ ಬಾವಿಯ ಕಡೆಗೆ ಸ್ವಲ್ಪ ಇಳಿಜಾರು. ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಸುರಿಯಿತು. ಚಿಕ್ಕವರಿಬ್ಬರಿಗೂ ಭೇದಿ ಶುರುವಾಯಿತು. ಓಆರ್‌ಎಸ್ ಕುಡಿಸಿದರು, ಹುಷಾರಾದರು. ಭೇದಿಗೆ ಬಾವಿಯ ನೀರೇ ಕಾರಣ ಅಂತ ಖಚಿತವಾಗಿ ಹೇಳುವಷ್ಟು ಆಧಾರ ಇರಲಿಲ್ಲ. ಆದರೆ ಹಿರಿಯರೆಲ್ಲ ಕುದಿಸಿದ ನೀರು ಕುಡಿಯುವವರು. ಮಕ್ಕಳು ಮಾತ್ರ ಆಟದ ಮಧ್ಯೆ ಓಡಿ ಬಂದು ಬಾವಿಕಟ್ಟೆಯ ಮೇಲಿನ ಕೊಡಪಾನದ ನೀರನ್ನೇ ಕುಡಿಯುವವರು. ಸಂಶಯ ಬರುವುದು ಸಹಜ ಅಲ್ವಾ?

ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಅವಳು ಹೇಳಿದ ಮೇಲೆ ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ಬಾವಿಯ ನೀರು ತುಂಬಿಸಿ ಇಟ್ಟೆವು. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಸರಳ ಪರೀಕ್ಷೆ ಇದು. ಮಲದ ಜೊತೆ ಬರುವ ಬ್ಯಾಕ್ಟೀರಿಯಾಗಳ ಪೈಕಿ ಕೆಲವು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಬಾಟಲಿಯೊಳಗಿನ ಕಬ್ಬಿಣದ ಲವಣದ ಜೊತೆ ಅದು ಸೇರಿದರೆ ನೀರು ಕಪ್ಪಾಗುತ್ತದೆ. ಮರುದಿನ ನೋಡುವಾಗ ನೀರು ಕಪ್ಪಾಗಿತ್ತು.

"ಪೌಡರ್ ಹಾಕಿದ್ದು ಉಂಟು ಮಾಷ್ಟ್ರೆ. ಒಂದು ವಾರವೂ ಬಿಟ್ಟದ್ದಿಲ್ಲ," ಎಂದರು ಅಜ್ಜಿ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡು ಚಮಚದ ಲೆಕ್ಕವೂ ಯಾರೋ ಅಂದಾಜಿಗೆ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಊರಿನ ಆಶಾ ಕಾರ್ಯಕರ್ತೆ ಬಂದು, ಬಾವಿಯ ನೀರು ಅಳೆದು, ಲೆಕ್ಕ ಹಾಕಿ ಹೇಳಿದ ಪ್ರಮಾಣ ಅದು. ಆ ದಿನಕ್ಕೆ ಅದು ಪೂರ್ತಿ ಸರಿ.

ಅಳತೆ

ಮೊದಲು ಉಷ್ಣತೆ ನೋಡಿದೆವು, ಯಾಕೆಂದರೆ ತಣ್ಣಗಾದರೂ ಕ್ರಿಯೆ ನಿಧಾನವಾಗುತ್ತದೆ. ಆದರೆ ಬಾವಿಯ ನೀರಿನ ಉಷ್ಣತೆ ನಮ್ಮ ಕಡೆ ವರ್ಷವಿಡೀ ಅಷ್ಟೇನೂ ಏರಿಳಿಯುವುದಿಲ್ಲ. ಥರ್ಮಾಮೀಟರ್ ಇಳಿಸಿ ನೋಡಿದ ಮೇಲೆ ಆ ಸಂಶಯ ಬಿಟ್ಟೆವು.

ಆಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದೆವು. ಬಾವಿಯ ಅಗಲ 3 ಮೀಟರ್. ಹಾಗಾಗಿ ಪ್ರತಿ ಒಂದು ಮೀಟರ್ ಆಳದ ನೀರಿಗೆ ಸುಮಾರು 7,065 ಲೀಟರ್. ಏಪ್ರಿಲ್‌ನಲ್ಲಿ ಈ ಬಾವಿಯಲ್ಲಿ ಒಂದು ಮೀಟರ್ ನೀರು ಇರುವುದೇ ಹೆಚ್ಚು ಅಂತ ಮನೆಯವರು ಹೇಳಿದರು. ತಳದ ಕಲ್ಲು ಕಾಣುತ್ತದಂತೆ. ಈಗ ಜುಲೈಯಲ್ಲಿ 6 ಮೀಟರ್, ಅಂದರೆ 42,000 ಲೀಟರಿಗೂ ಜಾಸ್ತಿ.

ಎರಡು ಚಮಚ ಪೌಡರ್ ತೂಗಿದಾಗ ಸುಮಾರು 20 ಗ್ರಾಂ ಬಂತು. ಒಳ್ಳೆಯ ಬ್ಲೀಚಿಂಗ್ ಪೌಡರ್‌ನಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಶೇಕಡಾ 33ರಷ್ಟು ಇರುತ್ತದೆ. ಅಂದರೆ 20 ಗ್ರಾಂನಲ್ಲಿ 6.6 ಗ್ರಾಂ. ಏಪ್ರಿಲ್‌ನ 7,065 ಲೀಟರಿಗೆ ಅದನ್ನು ಹಂಚಿದರೆ ಲೀಟರಿಗೆ 0.93 ಮಿಲಿಗ್ರಾಂ. ಸಾವಿರ ಲೀಟರಿಗೆ 2.5 ಗ್ರಾಂ ಪೌಡರ್ ಅನ್ನುವುದು ನಮ್ಮ ಆರೋಗ್ಯ ಕಾರ್ಯಕರ್ತರು ಬಳಸುವ ಸಾಮಾನ್ಯ ಲೆಕ್ಕ. ಅದಕ್ಕೆ ಇದು ಸರಿಯಾಗಿ ಹೊಂದುತ್ತದೆ, ಸ್ವಲ್ಪ ಹೆಚ್ಚೇ ಇದೆ. ಅದೇ 6.6 ಗ್ರಾಂ ಜುಲೈಯ ನೀರಿಗೆ ಹಂಚಿದರೆ? ಲೀಟರಿಗೆ 0.16 ಮಿಲಿಗ್ರಾಂ.

ಈ ಅಂಕಿ ನೋಡಿ ನನಗೆ ಗಾಬರಿಯಾಯಿತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕೆಲಸ ಮುಗಿದ ಮೇಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲಿ ಹಾಕಿದ ಕ್ಷಣದಲ್ಲೇ ಅಷ್ಟಿಲ್ಲ.

ಮೊಮ್ಮಗಳಿಗೆ ತನ್ನ ಲ್ಯಾಬ್ ರೆಕಾರ್ಡ್ ನೆನಪಾಯಿತು. ಸೋಡಿಯಂ ಥಯೋಸಲ್ಫೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಪ್ರಯೋಗ ಎಲ್ಲ ಕಾಲೇಜಿನಲ್ಲೂ ಇದೆ. ಕಾಗದದ ಮೇಲೆ ಒಂದು ಗುರುತು ಹಾಕಿ, ಅದರ ಮೇಲೆ ಫ್ಲಾಸ್ಕ್ ಇಟ್ಟು, ಆಮ್ಲ ಸುರಿಯುವುದು. ಗಂಧಕದ ಸಣ್ಣ ಕಣಗಳು ಹುಟ್ಟಿ ನೀರು ಮಸುಕಾಗುತ್ತದೆ. ಗುರುತು ಮರೆಯಾಗಲು ಎಷ್ಟು ಹೊತ್ತು ಬೇಕು ಅಂತ ನೋಡುವುದು. ಥಯೋಸಲ್ಫೇಟ್ 50 ಮಿ.ಲೀ., ಮುಂದಿನದಕ್ಕೆ 40 ಮಿ.ಲೀ. ಜೊತೆಗೆ 10 ಮಿ.ಲೀ. ನೀರು, ಅದರ ಮುಂದಿನದಕ್ಕೆ 30ಕ್ಕೆ 20. ಹೀಗೆ ಪ್ರತಿ ಸಲವೂ ಒಟ್ಟು 50 ಮಿ.ಲೀ.

"ಸರ್, ಒಟ್ಟು ಅಷ್ಟೇ ಇರ್ಬೇಕು ಅಂತ ಯಾಕೆ ಹೇಳ್ತೀರಿ ಅಂತ ಈಗ ಗೊತ್ತಾಯ್ತು," ಎಂದಳು. ನಿಜ. ಲ್ಯಾಬಿನಲ್ಲಿ ಒಟ್ಟು ಗಾತ್ರವನ್ನು ನಾವು ಹಿಡಿದಿಟ್ಟುಕೊಳ್ಳುತ್ತೇವೆ, ಆದ್ದರಿಂದ ಹಾಕಿದ ಪ್ರಮಾಣ ನೋಡಿದರೆ ಸಾಕು, ಸಾರತೆ ಗೊತ್ತಾಗುತ್ತದೆ. ಬಾವಿಯಲ್ಲಿ ಒಟ್ಟು ಗಾತ್ರವನ್ನು ಮಳೆ ತೀರ್ಮಾನಿಸುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ 4,000 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಚಮಚ ನೋಡಿ ಸಾರತೆ ಹೇಳಲು ಇಲ್ಲಿ ಸಾಧ್ಯವೇ ಇಲ್ಲ.

ಸಾರತೆ ಇಳಿದರೆ ವೇಗ ಯಾಕೆ ಇಳಿಯುತ್ತದೆ

ಉಡುಪಿ ಮಠದ ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ ನಡೆದು ನೋಡಿ, ಹೆಜ್ಜೆಗೊಬ್ಬರು ಮೈಗೆ ತಾಗುತ್ತಾರೆ. ಸಾದಾ ದಿನದ ಮಧ್ಯಾಹ್ನ ಅದೇ ಬೀದಿಯಲ್ಲಿ ಯಾರಿಗೂ ತಾಗದೆ ಒಂದು ಸುತ್ತು ಬರಬಹುದು. ನೀರಿನಲ್ಲೂ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಮಾತ್ರ ಕ್ರಿಯೆ. ಎಲ್ಲ ಡಿಕ್ಕಿಯೂ ಫಲ ಕೊಡುವುದಿಲ್ಲ, ಅದಕ್ಕೆ ಸಾಕಷ್ಟು ಶಕ್ತಿ ಬೇಕು, ಸರಿಯಾದ ದಿಕ್ಕೂ ಬೇಕು. ಆದರೆ ಡಿಕ್ಕಿಗಳ ಸಂಖ್ಯೆ ಜಾಸ್ತಿಯಾದಷ್ಟು ಫಲ ಕೊಡುವ ಡಿಕ್ಕಿಗಳೂ ಜಾಸ್ತಿ.

1850ರಲ್ಲೇ ವಿಲ್ಹೆಲ್ಮಿ ಎಂಬ ಜರ್ಮನ್ ವಿಜ್ಞಾನಿ ಸಕ್ಕರೆಯ ದ್ರಾವಣಕ್ಕೆ ಆಮ್ಲ ಹಾಕಿ, ಸಕ್ಕರೆ ಒಡೆಯುವ ವೇಗ ಆ ಹೊತ್ತಿಗೆ ಉಳಿದಿರುವ ಸಕ್ಕರೆಗೆ ತಕ್ಕಂತೆ ಇರುತ್ತದೆ ಅಂತ ತೋರಿಸಿದ್ದ. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಇದನ್ನು ನಿಯಮದ ರೂಪಕ್ಕೆ ತಂದರು. ಬಾವಿಗೆ ನೇರ ಸಂಬಂಧ ಇರುವ ಕೆಲಸ ಹ್ಯಾರಿಯೆಟ್ ಚಿಕ್ ಅವರದ್ದು. ಸೂಕ್ಷ್ಮಜೀವಿಗಳು ಸಾಯುವ ವೇಗವೂ ಇಂಥದ್ದೇ ನಿಯಮಕ್ಕೆ ಹೊಂದುತ್ತದೆ ಅಂತ ಅವರು 1908ರಲ್ಲಿ ಪ್ರಕಟಿಸಿದರು. ಅದೇ ವರ್ಷ ವಾಟ್ಸನ್ ಎಂಬವರು ಅದಕ್ಕೆ ಔಷಧದ ಸಾರತೆಯ ಲೆಕ್ಕ ಸೇರಿಸಿದರು. ಸರಳವಾಗಿ ಹೇಳುವುದಾದರೆ, ಸಾರತೆಯನ್ನು ಸಮಯದಿಂದ ಗುಣಿಸಿದಾಗ ಬರುವ ಸಂಖ್ಯೆ ಮುಖ್ಯ. ಸಾರತೆ ಅರ್ಧವಾದರೆ ಅಷ್ಟೇ ಕೆಲಸಕ್ಕೆ ಎರಡು ಪಟ್ಟು ಹೊತ್ತು ಬೇಕು. ಎಲ್ಲ ಔಷಧ, ಎಲ್ಲ ಜೀವಿಗಳಿಗೆ ಲೆಕ್ಕ ಇಷ್ಟು ನೇರವಾಗಿ ಬರುವುದಿಲ್ಲ. ಅದನ್ನು ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು. ಕ್ಲೋರಿನ್ ವಿಷಯದಲ್ಲಿ ಅಂದಾಜಿಗೆ ಇದು ಸಾಕು.

ಏಪ್ರಿಲ್‌ನ ಸಾರತೆಯಲ್ಲಿ ನಿಮಿಷಕ್ಕೆ ಅರ್ಧದಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಸಾವಿರಕ್ಕೆ ಒಂದು ಉಳಿಯುತ್ತದೆ. ಸಾರತೆ ಆರನೇ ಒಂದು ಭಾಗವಾದಾಗ ಅದೇ ಕೆಲಸಕ್ಕೆ ಒಂದು ಗಂಟೆ.

ಇಲ್ಲಿಗೆ ಪ್ರಕರಣ ಮುಗಿಯಿತು ಅನಿಸಬಹುದು. ಆದರೆ ಮನೆಯ ಯಜಮಾನರು ಕೇಳಿದ ಪ್ರಶ್ನೆ ನೋಡಿ. "ಒಂದು ಗಂಟೆ ಅಲ್ವಾ ಬೇಕಾದದ್ದು? ನಾವು ಸಂಜೆ ಹಾಕಿದರೆ ಬೆಳಿಗ್ಗೆವರೆಗೆ ಬಾವಿಗೆ ಕೊಡಪಾನ ಇಳಿಸುವುದೇ ಇಲ್ಲ. ಹನ್ನೆರಡು ಗಂಟೆ ಆಯ್ತಲ್ಲ!"

ಒಳ್ಳೆಯ ಪ್ರಶ್ನೆ. ನಿಧಾನ ಅನ್ನುವುದೊಂದೇ ಸಮಸ್ಯೆಯಾಗಿದ್ದರೆ ಬೆಳಿಗ್ಗೆ ಆಗುವಷ್ಟರಲ್ಲಿ ನೀರು ಶುದ್ಧವಾಗಬೇಕಿತ್ತು.

ಕ್ಲೋರಿನ್ ಎಲ್ಲಿಗೆ ಹೋಯಿತು

ವೇಗದ ಲೆಕ್ಕದಲ್ಲಿ ಬರುವ ಸಾರತೆ ನಾವು ಹಾಕಿದ ಸಾರತೆಯಲ್ಲ, ಆ ಕ್ಷಣದಲ್ಲಿ ಉಳಿದಿರುವ ಸಾರತೆ. ಪಾಠ ಮಾಡುವಾಗ ನಾವೆಲ್ಲ ಬೇಗ ದಾಟಿ ಹೋಗುವ ಜಾಗ ಇದು. ಈ ಪ್ರಕರಣದ ತಿರುಳೂ ಇಲ್ಲೇ ಇದೆ.

ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಎದುರಿಗೆ ಸಿಕ್ಕಿದ್ದರ ಜೊತೆಗೆಲ್ಲ ಅದು ವರ್ತಿಸುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಕಬ್ಬಿಣ ಇದೆ. ನೀರಿನಲ್ಲಿ ಕರಗಿರುವ ಫೆರಸ್ ಕಬ್ಬಿಣ ಒಂದು ಮಿಲಿಗ್ರಾಂ ಇದ್ದರೆ ಅದು 0.6 ಮಿಲಿಗ್ರಾಂಗೂ ಜಾಸ್ತಿ ಕ್ಲೋರಿನ್ ತಿನ್ನುತ್ತದೆ. ತೋಟದ ಕೊಳೆತ ಸೋಗೆ, ಎಲೆಗಳಿಂದ ಬರುವ ಕಂದು ಬಣ್ಣದ ಸಾವಯವ ವಸ್ತು ಇನ್ನಷ್ಟು ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಬಾಯಿ ಅಮೋನಿಯದ್ದು. ಹಟ್ಟಿಯ ನೀರು ಮಣ್ಣಿನೊಳಗೆ ಇಳಿದು ಬಾವಿಗೆ ಸೇರಿದರೆ ಅಮೋನಿಯ ಬರುತ್ತದೆ. ಅದು ಮೊದಲು ಕ್ಲೋರಿನ್ ಜೊತೆ ಸೇರಿ ಕ್ಲೋರಮೀನ್ ಆಗುತ್ತದೆ. ಕ್ಲೋರಮೀನ್ ಕೂಡ ಕ್ರಿಮಿ ಕೊಲ್ಲುತ್ತದೆ, ಆದರೆ ತುಂಬ ನಿಧಾನವಾಗಿ. ಒಂದು ಮಿಲಿಗ್ರಾಂ ಅಮೋನಿಯ ನೈಟ್ರೋಜನ್ ಪೂರ್ತಿ ಮುಗಿಯಬೇಕಾದರೆ ಲೆಕ್ಕದ ಪ್ರಕಾರ 7.6 ಮಿಲಿಗ್ರಾಂ ಕ್ಲೋರಿನ್ ಬೇಕು.

ಏಪ್ರಿಲ್‌ನ ತಿಳಿ ನೀರಿನಲ್ಲಿ ಈ ಪಾಲುದಾರರು ಕಡಿಮೆ, ಕ್ಲೋರಿನ್ ಜಾಸ್ತಿ. ಜುಲೈಯಲ್ಲಿ ಪಾಲುದಾರರು ಜಾಸ್ತಿ, ಕ್ಲೋರಿನ್ ಆರನೇ ಒಂದು. ಇದ್ದ ಸ್ವಲ್ಪ ಕ್ಲೋರಿನ್ ಬೇಗನೆ ಮುಗಿದು ಹೋಗುತ್ತದೆ. ಸಾರತೆ ಸೊನ್ನೆಯಾದ ಮೇಲೆ ವೇಗವೂ ಸೊನ್ನೆ. ಆಮೇಲೆ ಹನ್ನೆರಡು ಗಂಟೆ ಕಾದರೂ ಒಂದೇ, ಹನ್ನೆರಡು ದಿನ ಕಾದರೂ ಒಂದೇ. ಅದರ ಮೇಲೆ ಮಳೆಗಾಲದ ಒರತೆ ಹಗಲು ರಾತ್ರಿ ಹೊಸ ನೀರು ತರುತ್ತಲೇ ಇರುತ್ತದೆ. ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಹೊಸ ನೀರಿನ ಜೊತೆ ಹೊಸ ಬ್ಯಾಕ್ಟೀರಿಯಾಗಳೂ ಬರುತ್ತವೆ.

ಅಜ್ಜಿ ಒಂದು ವಿಷಯವನ್ನು ಆಗಲೇ ಗಮನಿಸಿದ್ದರು. ಬೇಸಿಗೆಯಲ್ಲಿ ಭಾನುವಾರ ಬೆಳಿಗ್ಗೆ ಮುಖ ತೊಳೆಯುವಾಗ ಪೌಡರಿನ ವಾಸನೆ ಇರುತ್ತಿತ್ತಂತೆ, ಮಳೆ ಬಂದ ಮೇಲೆ ವಾಸನೆಯೇ ಇಲ್ಲ. ವಾಸನೆ ಹೋಯಿತು, ಒಳ್ಳೆಯದಾಯಿತು ಅಂತ ಮನೆಯವರು ಸುಮ್ನೆ ಇದ್ದರು. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯುತ್ತಮ ವೀಕ್ಷಣೆ ಅದು.

ಆರು ಬಟ್ಟಲು

ಹಾಗಾದರೆ ಜುಲೈಯ ನೀರಿಗೆ ಎಷ್ಟು ಹಾಕಬೇಕು? ಲೀಟರಿಗೆ ಇಷ್ಟು ಅಂತ ಪುಸ್ತಕದ ಲೆಕ್ಕ ಸಾಲದು. ಯಾಕೆಂದರೆ ನೀರು ಎಷ್ಟು ಕ್ಲೋರಿನ್ ತಿನ್ನುತ್ತದೆ ಅಂತ ಪುಸ್ತಕಕ್ಕೆ ಗೊತ್ತಿಲ್ಲ. ಡಬ್ಬಿಯಲ್ಲಿರುವ ಪೌಡರ್ ಎಷ್ಟು ಗಟ್ಟಿ ಅಂತಲೂ ಗೊತ್ತಿಲ್ಲ. ಈ ಮನೆಯ ಡಬ್ಬಿ ಬಚ್ಚಲಿನ ಪಕ್ಕದ ಶೆಲ್ಫಿನಲ್ಲಿ, ಮುಚ್ಚಳ ಸಡಿಲವಾಗಿ, ಬೇಸಿಗೆಯಿಂದಲೇ ಇತ್ತು. ಬ್ಲೀಚಿಂಗ್ ಪೌಡರಿಗೆ ತೇವ, ಬಿಸಿ, ಗಾಳಿ ಯಾವುದೂ ಆಗುವುದಿಲ್ಲ. ಅವುಗಳಿಂದ ಕ್ಲೋರಿನ್ ಹೊರಟು ಹೋಗಿ ಕೊನೆಗೆ ಸುಣ್ಣದಂಥ ಪುಡಿ ಉಳಿಯುತ್ತದೆ. ಕರಾವಳಿಯ ಆರ್ದ್ರ ಗಾಳಿಗೆ ಇದು ಇನ್ನೂ ಬೇಗ.

ಎರಡು ಪ್ರಶ್ನೆಗೂ ಒಂದೇ ಸಲಕ್ಕೆ ಉತ್ತರ ಕೊಡುವುದು ಹೊರಾಕ್ಸ್ ಪರೀಕ್ಷೆ. ನನಗೆ ತುಂಬ ಇಷ್ಟವಾದ ಪರೀಕ್ಷೆ. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಕಪ್ಪು ಬಟ್ಟಲಿನಲ್ಲಿ 2 ಗ್ರಾಂ ಪೌಡರ್ ಕಲಸಿ, ಗುರುತಿನವರೆಗೆ ನೀರು ತುಂಬಿಸಿ, ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಲ್ಲಿ ಬಾವಿಯ ನೀರು. ಒಂದನೆಯದಕ್ಕೆ ತಿಳಿಯಿಂದ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಕಲಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಪ್ರತಿಯೊಂದಕ್ಕೂ ಸ್ಟಾರ್ಚ್ ಅಯೊಡೈಡ್ ಹನಿ. ಕ್ಲೋರಿನ್ ಉಳಿದಿದ್ದರೆ ನೀಲಿ ಬರುತ್ತದೆ. ಮೊದಲು ಸ್ಪಷ್ಟ ನೀಲಿ ಬಂದ ಬಟ್ಟಲು ಎಷ್ಟನೆಯದೋ, 455 ಲೀಟರಿಗೆ ಅಷ್ಟು ಚಮಚ ಬೇಕು. ಇದು ಮನೆಯ ದೊಡ್ಡ ಚಮಚ ಅಲ್ಲ, ಪರೀಕ್ಷೆಯ ಚಮಚ, ಒಂದಕ್ಕೆ 2 ಗ್ರಾಂ.

ಥಯೋಸಲ್ಫೇಟ್ ಪ್ರಯೋಗದಲ್ಲಿ ಕೆಲಸ ಮುಗಿಯುವ ಹಂತ ಒಂದೇ, ಸಮಯ ಬದಲಾಗುತ್ತದೆ. ಇಲ್ಲಿ ಸಮಯ ಅರ್ಧ ಗಂಟೆ ಅಂತ ಗಟ್ಟಿ, ಸಾರತೆ ಬದಲಾಗುತ್ತದೆ. ನೀರಿನ ಹಸಿವು ತೀರಿದ ಮೇಲೂ ಏನಾದರೂ ಉಳಿಯುತ್ತದಾ ಅಂತ ಕೇಳುವ ಪರೀಕ್ಷೆ ಇದು.

ಮನೆಯ ಹಳೆಯ ಪೌಡರಿನಲ್ಲಿ ನಾಲ್ಕನೇ ಬಟ್ಟಲು ನೀಲಿಯಾಯಿತು. ಹೊಸ ಪ್ಯಾಕೆಟ್ ತರಿಸಿ ಮಾಡಿದಾಗ ಎರಡನೆಯದೇ. ಒಂದೊಂದು ಬಟ್ಟಲಿನ ನಡುವಿನ ಅಂತರ ದೊಡ್ಡದು, ಆದ್ದರಿಂದ ಹಳೆಯದರ ಬಲ ಅರ್ಧದಷ್ಟಕ್ಕೆ ಇಳಿದಿದೆ ಅನ್ನುವುದು ಅಂದಾಜು ಮಾತ್ರ. ಆ ಅಂದಾಜಿನ ಪ್ರಕಾರ ಮೊದಲಿನ 0.16 ಕೂಡ ತಪ್ಪು, ನಿಜವಾಗಿ ಬಾವಿಗೆ ಬೀಳುತ್ತಿದ್ದದ್ದು ಲೀಟರಿಗೆ 0.08 ಮಿಲಿಗ್ರಾಂ. ಹೊಸ ಪೌಡರ್ ಆದರೂ ಆ ದಿನದ ನೀರಿಗೆ ಸುಮಾರು 370 ಗ್ರಾಂ ಬೇಕಿತ್ತು. ಹಾಕುತ್ತಿದ್ದದ್ದು 20 ಗ್ರಾಂ.

"ಹಾಗಾದ್ರೆ ಒಂದು ಕಿಲೋ ಹಾಕಿಬಿಡುವ, ಮತ್ತೆ ತಲೆಬಿಸಿ ಬೇಡ," ಎಂದರು ಯಜಮಾನರು. ಅದೂ ಲೆಕ್ಕ ಮಾಡಿ ತೋರಿಸಿದೆ. ಹೊಸ ಪೌಡರ್ ಒಂದು ಕಿಲೋ ಈ ನೀರಿಗೆ ಹಾಕಿದರೆ ಲೀಟರಿಗೆ 7.8 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ 5 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನೀರು ಒಂದಷ್ಟು ಕ್ಲೋರಿನ್ ತಿಂದುಹಾಕುತ್ತದೆ, ಆದರೂ ರುಚಿ, ವಾಸನೆ ತಡೆಯಲಾಗದು. ಆ ರೂಢಿಯನ್ನೇ ಏಪ್ರಿಲ್‌ವರೆಗೆ ಮುಂದುವರಿಸಿದರೆ ಲೀಟರಿಗೆ 46 ಮಿಲಿಗ್ರಾಂ ದಾಟುತ್ತದೆ. ಕಡಿಮೆ ಹಾಕಿದ್ದು ಎಂಥ ತಪ್ಪೋ ಕಣ್ಣುಮುಚ್ಚಿ ಜಾಸ್ತಿ ಹಾಕುವುದೂ ಅಂಥದ್ದೇ.

ಮಾಡಿದ್ದು

ಹಾಕುವ ಕ್ರಮವನ್ನೂ ಬದಲಾಯಿಸಿದರು. ಮೊದಲು ಒಣ ಪುಡಿಯನ್ನೇ ಮೇಲಿನಿಂದ ಉದುರಿಸುತ್ತಿದ್ದರು. ಹಾಗೆ ಮಾಡಿದರೆ ಒಂದು ಕಡೆ ಸಾರತೆ ವಿಪರೀತ, ಇನ್ನೊಂದು ಕಡೆ ಏನೂ ಇಲ್ಲ. ಈಗ ಒಂದು ಬಕೆಟಿಗೆ 100 ಗ್ರಾಂ ಮೀರದ ಹಾಗೆ ಪೌಡರ್ ಕಲಸಿ, ಮುಕ್ಕಾಲು ಬಕೆಟ್ ನೀರು ಮಾಡಿ, ಐದು ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಸುರಿದುಕೊಳ್ಳುತ್ತಾರೆ. ಆ ಬಕೆಟನ್ನು ಹಗ್ಗದಲ್ಲಿ ನೀರಿನ ಒಳಗೆ ಇಳಿಸಿ ಮೇಲೆ ಕೆಳಗೆ ಜೋರಾಗಿ ಆಡಿಸುತ್ತಾರೆ. ಕನಿಷ್ಠ ಒಂದು ಗಂಟೆ ನೀರು ಮುಟ್ಟಬಾರದು. ರಾತ್ರಿ ಹಾಕುವುದೇ ಒಳ್ಳೆಯದು.

ಮೊದಲ ಸಲ ಹಾಗೆ ಹಾಕಿದ ಮರುದಿನ ಬೆಳಿಗ್ಗೆ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್‌ನಲ್ಲಿ ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಮೇಲೆಯೇ ಇತ್ತು. ಹೈಡ್ರೋಜನ್ ಸಲ್ಫೈಡ್ ಬಾಟಲಿ ಕಪ್ಪಾಗಲಿಲ್ಲ. ಆದರೆ ಜೋರು ಮಳೆ ಬಂದು ಎರಡು ದಿನ ಆಗುವಷ್ಟರಲ್ಲಿ ಕ್ಲೋರಿನ್ ಕಾಣೆ. ವಾರಕ್ಕೊಮ್ಮೆ ಅನ್ನುವ ರೂಢಿ ಮಳೆಗಾಲಕ್ಕೆ ಸಾಲದು ಅಂತ ಸ್ಪಷ್ಟವಾಯಿತು. ಮಳೆಗಾಲ ಮುಗಿಯುವವರೆಗೆ ಮಕ್ಕಳಿಗೂ ಕುದಿಸಿದ ನೀರೇ ಅಂತ ಸೊಸೆ ಕಟ್ಟುನಿಟ್ಟು ಮಾಡಿದರು. ನಾನೂ ಅದನ್ನೇ ಹೇಳುತ್ತಿದ್ದೆ.

ಬಾವಿಯ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿದ್ದಾರೆ. ತಿಳಿ ನೀರು, ಹೊಸ ಪೌಡರ್ ಇದ್ದಾಗ ಒಂದು ಗಂಟಿಗೆ ಸುಮಾರು 18 ಗ್ರಾಂ. ನೀರು ಕೆಂಪಾದರೆ ಬಟ್ಟಲು ಪರೀಕ್ಷೆ. ಮೊಮ್ಮಗಳು ಇದನ್ನು ಒಂದು ರಟ್ಟಿನ ಮೇಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಪೌಡರನ್ನು ಚಿಕ್ಕ ಪ್ಯಾಕೆಟ್‌ನಲ್ಲೇ ತಂದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಚ್ಚಲಿನಿಂದ ದೂರ ಇಡುತ್ತಾರೆ.

ಕ್ಲೋರೋಸ್ಕೋಪ್ ಇನ್ನೊಂದು ವಿಷಯ ತೋರಿಸಿತು. ಅದರಲ್ಲಿ ಬಳಸುವ ಆರ್ಥೊಟಾಲಿಡಿನ್ ದ್ರಾವಣ ಹಾಕಿದ ಹತ್ತು ಸೆಕೆಂಡಿನೊಳಗೆ ಬರುವ ಹಳದಿ, ಯಾವುದರ ಜೊತೆಗೂ ಸೇರದೆ ಉಳಿದ ಬಿಡಿ ಕ್ಲೋರಿನ್‌ನದ್ದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಬಣ್ಣ ಇನ್ನೂ ಗಾಢವಾದರೆ ಅದು ಕ್ಲೋರಮೀನ್‌ನದ್ದು. ಕ್ಲೋರಮೀನ್‌ನ ಕ್ರಿಯೆ ಇಲ್ಲೂ ನಿಧಾನ. ಈ ಬಾವಿಯ ನೀರಿನಲ್ಲಿ ಎರಡನೇ ಬಣ್ಣ ಚೆನ್ನಾಗಿಯೇ ಗಾಢವಾಯಿತು, ಅಂದರೆ ಅಮೋನಿಯ ಬರುತ್ತಿದೆ. ಹಟ್ಟಿಯ ಚರಂಡಿಯನ್ನು ಬಾವಿಯ ಕಡೆಯಿಂದ ತಿರುಗಿಸಿ ತೋಟದ ಕೆಳಭಾಗಕ್ಕೆ ಬಿಡಬೇಕು ಅಂತ ಆಗ ತೀರ್ಮಾನವಾಯಿತು. ಮಳೆ ಸ್ವಲ್ಪ ಬಿಟ್ಟಾಗ ಯಜಮಾನರೇ ನಿಂತು ಮಾಡಿಸಿದರು. ಅಕ್ಟೋಬರ್‌ನಲ್ಲಿ ಹಗ್ಗ ಇಳಿಸಿದಾಗ ನೀರು ನಾಲ್ಕು ಗಂಟು ಇತ್ತು. ಹೊಸ ಪೌಡರಿನಲ್ಲಿ ಈಗ ಒಂದನೇ ಬಟ್ಟಲೇ ನೀಲಿ, 28,000 ಲೀಟರಿಗೆ ಸುಮಾರು 125 ಗ್ರಾಂ. ಇದರಲ್ಲಿ ಚರಂಡಿ ತಿರುಗಿಸಿದ್ದರ ಪಾಲೆಷ್ಟು, ಮಳೆ ನಿಂತದ್ದರ ಪಾಲೆಷ್ಟು ಅನ್ನುವುದನ್ನು ಮುಂದಿನ ಜುಲೈಯಲ್ಲಿ ಅದೇ ಆರು ಬಟ್ಟಲು ಇಟ್ಟು ನೋಡಬೇಕು.